ಮಿಲ್ಲಿನ ಅಣ್ಣ ಕೊಟ್ಟ ಜಾಗ

ಸಾಯುವ ದಿನ ಅಪ್ಪ ಸಾಮಿಲ್ಲಿನ ಬೀಗದ ಕೈಯನ್ನು ಮಗನಿಗೆ ಕೊಡಲಿಲ್ಲ, ಅಳಿಯನಿಗೆ ಕೊಟ್ಟ. ಅದೂ ಮನೆಮಂದಿಯೆಲ್ಲ ಮಂಚದ ಸುತ್ತ ನಿಂತಿದ್ದಾಗ.

"ನಿನಗೆ ಬರೋದು ಬರೀ ವ್ಯಾಪಾರ ಕಣೋ. ಮರದ ಮನಸ್ಸು ಗೊತ್ತಿರೋದು ಇವನಿಗೆ," ಎಂದ.

ಮಗ ಅಪ್ಪನ ದಿಂಬು ಸರಿಮಾಡಿದ. ಆ ಗರಗಸದ ಸದ್ದು ಕೇಳುತ್ತಲೇ ಬೆಳೆದವನು, ಎಡಗೈಯ ಕಿರುಬೆರಳನ್ನು ಅದಕ್ಕೇ ಒಪ್ಪಿಸಿದವನು, ಇನ್ನು ಮುಂದೆ ತಂಗಿಯ ಗಂಡ ಹೇಳಿದಂತೆ ಕೇಳಿಕೊಂಡು ಬಿದ್ದಿರಬೇಕು. ಅಳಿಯನೇನೋ ತಲೆ ತಗ್ಗಿಸಿ, "ಭಾವ ಇದ್ದಾರಲ್ಲ ಮಾವ, ಇಬ್ಬರೂ ಸೇರಿ ನೋಡ್ಕೋತೀವಿ," ಎಂದಿದ್ದ. ಆ ವಿನಯವೇ ಮಗನ ಹೊಟ್ಟೆಗೆ ಇನ್ನಷ್ಟು ಬೆಂಕಿ ಹಾಕಿತು.

ಉಪಾಯ ಹೊಳೆದದ್ದು ಅಪ್ಪನನ್ನು ಮಣ್ಣು ಮಾಡುವ ಹೊತ್ತಿಗೆ. ಸಭೆಯವರು ಕೀರ್ತನೆ ಹಾಡುತ್ತಿದ್ದರು. ಅವನು ಕುಣಿಯ ಅಂಚಿನಲ್ಲಿ ನಿಂತು ಪೆಟ್ಟಿಗೆಯ ಮೇಲೆ ಬೀಳುತ್ತಿದ್ದ ಮಣ್ಣನ್ನೇ ನೋಡುತ್ತಿದ್ದ. ಬೇರೆಲ್ಲಿ ಹೊಸ ಮಣ್ಣು ಕಂಡರೂ ಯಾಕೆ ಅಗೆದಿರೆಂದು ಜನ ಕೇಳುತ್ತಾರೆ. ಇಲ್ಲಿ ಕೇಳುವುದಿಲ್ಲ. ಬೇರೆಲ್ಲಿ ಹೂತರೂ ಒಂದಲ್ಲ ಒಂದು ದಿನ ಯಾರಾದರೂ ಪಾಯ ತೋಡಿಯಾರು, ಪೈಪು ಹಾಕಿಯಾರು. ಒಬ್ಬ ಮಲಗಿದ್ದಾನೆಂದು ಗೊತ್ತಿದ್ದೂ ಅವನ ಮೇಲೆ ಗುದ್ದಲಿ ಹಾಕುವವರು ಯಾರು? ಹಾಡು ಮುಗಿದಾಗ ಎಲ್ಲರ ಜೊತೆ ಅವನೂ ಆಮೆನ್ ಎಂದ.

ಮಾರನೆಯ ದಿನ ಮಿಲ್ಲಿಗೆ ರಜೆ. ದಾಸ್ತಾನು ತೋರಿಸುತ್ತೇನೆಂದು ಅಳಿಯನನ್ನು ಕರೆದುಕೊಂಡು ಹೋದ. ಅಳಿಯ ಕನ್ನಡಕ ಸರಿಮಾಡಿಕೊಂಡು ದಿಮ್ಮಿಯೊಂದರ ಮೇಲೆ ಬಗ್ಗಿ ಮರದ ಎಳೆ ನೋಡುತ್ತಿದ್ದಾಗ ಹಿಂದಿನಿಂದ ಒಂದೇ ಪೆಟ್ಟು. ರಕ್ತವನ್ನು ಮರದ ಹೊಟ್ಟು ಕುಡಿಯಿತು, ಹೊಟ್ಟನ್ನು ಒಲೆ ತಿಂದಿತು. ಹೆಣವನ್ನು ತಳ್ಳುಗಾಡಿಯಲ್ಲಿ ಮಲಗಿಸಿ, ಮೇಲೆ ಹೊಟ್ಟಿನ ಮೂಟೆಗಳನ್ನು ಪೇರಿಸಿ, ಹಾಡಹಗಲೇ ಬೀದಿಯಲ್ಲಿ ತಳ್ಳಿಕೊಂಡು ಹೋದ. ಮಳೆಗೆ ಸಮಾಧಿಯ ದಾರಿಯೆಲ್ಲ ಕೆಸರಾಗಿತ್ತು. ಅಪ್ಪನ ದಾರಿಗೆ ಹೊಟ್ಟು ಹರಡಲು ಹೊರಟ ಮಗನನ್ನು ಯಾರು ತಡೆಯುತ್ತಾರೆ? ಮತ್ತೆ ಹಿಡಿದ ಮಳೆ ನೋಡುವ ಕಣ್ಣುಗಳನ್ನೆಲ್ಲ ಮನೆಯೊಳಗೆ ಕೂರಿಸಿತು. ಎಲ್ಲ ಮುಗಿದು ಅವನು ಮಣ್ಣು ಸಮ ಮಾಡುತ್ತಿದ್ದಾಗ ಚರ್ಚಿನ ಗಂಟೆ ಹೊಡೆಯುವ ಮುದುಕ ಕೊಡೆ ಹಿಡಿದು ಬಂದ.

"ಕೂಲಿಯೋರಿಗೆ ಹೇಳಿದ್ರೆ ಆಗ್ತಿರ್ಲಿಲ್ವಾ? ನೀವೇ ಯಾಕೆ ನೆನೀತೀರಾ?" ಎಂದು ಕಣ್ಣೊರೆಸಿಕೊಂಡು, ಕೊಡೆಯನ್ನು ಅವನ ತಲೆಯ ಮೇಲೆ ಹಿಡಿದ. ಇಂಥ ಮಗ ಇರಬೇಕು ಎಂಬ ಮಾತು ಸಂಜೆಯೊಳಗೆ ಊರು ಸುತ್ತಿತು.

ಅಳಿಯನ ಸ್ಕೂಟರು ಬಸ್ ನಿಲ್ದಾಣದ ಬಳಿ ಸಿಕ್ಕಿತು. ಬೇರೆ ಹೆಂಗಸಿನ ಮಾತು ಊರಲ್ಲಿ ತಾನಾಗಿ ಹುಟ್ಟಿತು. ಅವನು ಅದನ್ನು ಹೇಳಲೂ ಇಲ್ಲ, ಅಲ್ಲಗಳೆಯಲೂ ಇಲ್ಲ, ನಿಟ್ಟುಸಿರು ಬಿಟ್ಟ ಅಷ್ಟೆ. ಪೊಲೀಸರು ಒಂದಷ್ಟು ಕಾಲ ಕೇಳಿದರು, ಆಮೇಲೆ ಕೈಬಿಟ್ಟರು. ಸಮಾಧಿಯ ಮೇಲೆ ಅವನು ದಪ್ಪನೆಯ ಕರಿಕಲ್ಲು ಹಾಸಿಸಿದ. ತಂಗಿಯನ್ನು ತನ್ನ ಮನೆಗೇ ಕರೆತಂದು ಹಿಂದಿನ ಕೋಣೆ ಕೊಟ್ಟ. ಅವಳು ಭಾನುವಾರ ಭಾನುವಾರ ಹೋಗಿ ಆ ಕಲ್ಲನ್ನು ಒರೆಸಿ ಬರುತ್ತಿದ್ದಳು. ಒಮ್ಮೊಮ್ಮೆ ಊಟ ಬಡಿಸುತ್ತ, "ಅವರು ಬಂದ್ರೆ ಬೈಬೇಡ ಅಣ್ಣಾ," ಅನ್ನುತ್ತಿದ್ದಳು.

"ಬೈಯಲ್ಲಮ್ಮ," ಅನ್ನುತ್ತಿದ್ದ.

ಹೀಗೆ ವರ್ಷಗಳು ಉರುಳಿದವು. ಅಷ್ಟರಲ್ಲಿ ಸಭೆ ಬೆಳೆಯಿತು. ಹೊಸದಾಗಿ ಬಂದ ಪಾದ್ರಿ ಎಲ್ಲರ ಮನೆಗೂ ಹೋಗಿ ಕೂರುವ, ಬಾಯಿತುಂಬ ನಗುವ ಮನುಷ್ಯ. ಜನ ಬಾಗಿಲಾಚೆ ನಿಂತು, ಕಿಟಕಿಯಲ್ಲಿ ಕತ್ತು ತೂರಿಸಿ ಪ್ರಸಂಗ ಕೇಳುವಂತಾಯಿತು. ಮದುವೆಯಾದರೆ ಹೆಣ್ಣಿನ ಕಡೆಯವರು ಒಳಗೆ, ಗಂಡಿನ ಕಡೆಯವರು ಬಿಸಿಲಲ್ಲಿ. ದೊಡ್ಡ ಕಟ್ಟಡ ಆಗಲೇಬೇಕೆಂದು ಹಿರಿಯರ ಸಮಿತಿ ತೀರ್ಮಾನಿಸಿತು. ಚರ್ಚಿನ ಒಂದು ಕಡೆ ರಸ್ತೆ, ಒಂದು ಕಡೆ ಶಾಲೆ. ಹಬ್ಬಲು ಉಳಿದದ್ದು ಸಮಾಧಿಗಳ ಕಡೆ ಮಾತ್ರ. ಮುಂದಿನ ಸಾಲುಗಳನ್ನು ತೆಗೆದು ಮೂಳೆಗಳನ್ನು ಗೌರವದಿಂದ ಬೇರೆಡೆ ಇಡೋಣ ಎಂದು ಮಾತಾಯಿತು. ಅಪ್ಪ ಇದ್ದದ್ದು ಮೊದಲ ಸಾಲಿನಲ್ಲಿ.

ಅವನು ಗಾಬರಿಯಾಗಲಿಲ್ಲ. ಬೇಡವೆಂದು ತಾನೇ ಎದ್ದು ನಿಂತರೆ ಯಾಕೆ ಎಂಬ ಪ್ರಶ್ನೆ ಹುಟ್ಟುತ್ತದೆ. ಬೇಡ ಎಂಬುದು ಬೇರೆಯವರ ಬಾಯಲ್ಲಿ ಬರಬೇಕು. ಗಂಡನನ್ನು ಅಲ್ಲಿ ಮಲಗಿಸಿದ್ದ ಒಬ್ಬ ಮುದುಕಿಯ ಮನೆಗೆ ಹೋಗಿ, "ಪಾಪ, ಅವರನ್ನೂ ಎಬ್ಬಿಸ್ತಾರಂತೆ," ಎಂದಷ್ಟೇ ಹೇಳಿ ಬಂದ. ಆಕೆ ಮುಂದಿನ ಸಭೆಯಲ್ಲಿ ಎಲ್ಲರ ನಡುವೆ ನೆಲಕ್ಕೆ ಕುಸಿದು ಅತ್ತಳು. ಎಂಜಿನಿಯರಿಗೆ ಚಹಾ ಕುಡಿಸುತ್ತ, ಒಮ್ಮೆ ಅಗೆದ ಮಣ್ಣು ಅಷ್ಟು ಭಾರ ತಡೆಯುತ್ತದಾ ಎಂದು ಏನೂ ಅರಿಯದವನಂತೆ ಕೇಳಿದ. ಎಂಜಿನಿಯರ್ ಅದನ್ನು ತನ್ನದೇ ಅನುಮಾನ ಮಾಡಿಕೊಂಡು ಸಮಿತಿಗೆ ಹೇಳಿದ. ಜನ ಎರಡು ಪಂಗಡವಾಗಿ ಕೂಗಾಡಿ ಸುಸ್ತಾದ ಮೇಲೆ ಅವನು ನಿಧಾನವಾಗಿ ಎದ್ದ.

"ಸತ್ತೋರ ನಿದ್ದೆ ಯಾಕೆ ಕೆಡಿಸ್ಬೇಕು? ನನ್ನ ಮಿಲ್ಲಿನ ಜಾಗ ಇದೆಯಲ್ಲ. ತಗೊಳ್ಳಿ."

ಸಭೆಗೆ ಸಭೆಯೇ ಎದ್ದು ನಿಂತಿತು. ಪಾದ್ರಿ ಓಡಿಬಂದು ತಬ್ಬಿಕೊಂಡರು. ಯಾವ ಮಿಲ್ಲಿಗಾಗಿ ಕೊಂದಿದ್ದನೋ ಅದೇ ಮಿಲ್ಲನ್ನು ಕೊಟ್ಟು ಕತ್ತು ಉಳಿಸಿಕೊಂಡಿದ್ದ. ನಷ್ಟವೇ, ಆದರೆ ತಿಳಿದು ಮಾಡಿಕೊಂಡ ನಷ್ಟ.

ಗರಗಸಗಳು ಮಾರಾಟವಾದವು, ಶೆಡ್ಡು ಕೆಳಗಿಳಿಯಿತು, ಕಂಬಗಳು ಎದ್ದವು. ಚಾವಣಿ ಹಾಕಿದ ದಿನ ಸಭೆಯ ಗಂಡಸರು ಹೆಂಗಸರೆಲ್ಲ ಸಾಲಾಗಿ ನಿಂತು ಕಾಂಕ್ರೀಟಿನ ಬಾಣಲಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಬಾಗಿಲ ಮರವನ್ನು ಅವನೇ ಆರಿಸಿದ. ಚಹಾದಂಗಡಿಗೆ ಹೋದರೆ ಜನ ಎದ್ದು ಜಾಗ ಬಿಡುತ್ತಿದ್ದರು. ಮಿಲ್ಲೇ ಇಲ್ಲದವನನ್ನು ಊರೆಲ್ಲ ಮಿಲ್ಲಿನ ಅಣ್ಣ ಎಂದು ಕರೆಯತೊಡಗಿತು. ಒಂದೊಂದು ದಿನ, ತಾನು ನಿಜಕ್ಕೂ ದಾನವನ್ನೇ ಮಾಡಿದೆನೆಂದು ಅವನಿಗೂ ಅನ್ನಿಸುತ್ತಿತ್ತು.

ಹೊಸ ಚರ್ಚಿನ ಪ್ರತಿಷ್ಠೆಯ ದಿನ ತಂಗಿ ಬೆಳಗ್ಗೆಯೇ ಹೊರಟಳು. "ನೀನು ಆಮೇಲೆ ಬಾ ಅಣ್ಣಾ, ನನಗೊಂದು ಕೆಲಸ ಇದೆ," ಎಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ಅವನು ಕಂಡು ಎಷ್ಟೋ ಕಾಲವಾಗಿತ್ತು. ಹೊಸ ಕಟ್ಟಡದಲ್ಲಿ ವಾರ್ನಿಷಿನ ವಾಸನೆ ತುಂಬಿತ್ತು. ಅವನನ್ನು ಮೊದಲ ಬೆಂಚಿನಲ್ಲಿ ಕೂರಿಸಿದರು. ಪಾದ್ರಿ ವೇದಿಯ ಮುಂದೆ ಬಂದು ನಿಂತರು.

"ಮಿಲ್ಲಿನ ಅಣ್ಣ ಏನೂ ಬೇಡ ಅಂದ್ರು. ಹೆಸರು ಕೆತ್ತಿಸ್ತೀವಿ ಅಂದ್ರೂ ಬೇಡ ಅಂದ್ರು. ಹಾಗಂತ ನಾವು ಸುಮ್ಮನಿರೋಕಾಗುತ್ತಾ? ಅವರ ತಂಗಿನ ಕೇಳಿದ್ವಿ. ಅಪ್ಪ ಜೀವಮಾನವೆಲ್ಲ ಈ ನೆಲದಲ್ಲೇ ದುಡಿದೋರು, ಇಲ್ಲೇ ಮಲಗಲಿ ಅಂದ್ರು. ಅಣ್ಣನಿಗೆ ಮಾತ್ರ ಮೊದಲೇ ಹೇಳ್ಬೇಡಿ ಅಂತ ಮಾತು ತಗೊಂಡ್ರು. ಅನುಮತಿ ಸಿಕ್ಕಿದೆ, ಈ ವೇದಿಯ ಕೆಳಗೇ ಜಾಗ ಮಾಡಿದ್ದೀವಿ. ಹಿರಿಯರು ಬೆಳಗ್ಗೆನೇ ಸಮಾಧಿ ತೆಗೆಸೋಕೆ ಹೋದ್ರು. ಇನ್ನೇನು ಬರ್ತಾರೆ."

ಚಪ್ಪಾಳೆ ಬಿತ್ತು. ಪಡೆದುಕೊಂಡವರಿಗೆ ಏನಾದರೂ ತಿರುಗಿ ಕೊಡುವ ಆಸೆ ಇರುತ್ತದೆಂಬುದು ಅವನಿಗೆ ಹೊಳೆದೇ ಇರಲಿಲ್ಲ. ಆದರೂ ಆ ಚಪ್ಪಾಳೆಯ ನಡುವೆಯೇ ಅವನ ತಲೆ ಹಳೆಯ ಚುರುಕಿನಲ್ಲಿ ಓಡಿತು. ಹಳೆಯ ಸ್ಮಶಾನ, ಒಬ್ಬರ ಗುಂಡಿಯಲ್ಲಿ ಇನ್ನೊಬ್ಬರ ಮೂಳೆ ಸಿಗುವುದು ಹೊಸದೇನಲ್ಲ. ಯಾವ ದಿಕ್ಕಿಲ್ಲದವನನ್ನು ಯಾರು ತಂದು ಹಾಕಿದರೋ ಎಂದರಾಯಿತು. ಮೂಳೆಗೆ ಹೆಸರಿರುವುದಿಲ್ಲ. ಮಾತನ್ನು ಅವನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಾಗ ಬಾಗಿಲು ತೆರೆಯಿತು, ಆಗಷ್ಟೇ ಹಾಡು ಎತ್ತಿಕೊಂಡಿದ್ದವರು ಅರ್ಧಕ್ಕೇ ನಿಲ್ಲಿಸಿದರು. ಹಿರಿಯರು ಬರಿಗೈಲಿ ಹೊರಗೇ ಉಳಿದರು. ತಂಗಿಯೊಬ್ಬಳೇ ನಡುದಾರಿಯಲ್ಲಿ ನಡೆದು ಬಂದಳು. ಅವಳ ಅಂಗೈಯಲ್ಲಿ ಮಣ್ಣು ಮೆತ್ತಿದ ಒಂದು ಕನ್ನಡಕ. ಅದರ ಮುರಿದ ಕಡ್ಡಿಗೆ ಅವಳೇ ಒಂದು ಕಾಲದಲ್ಲಿ ತಾಮ್ರದ ತಂತಿ ಸುತ್ತಿ ಗಂಡನಿಗೆ ಕೊಟ್ಟದ್ದು. ಪೆಟ್ಟು ಬಿದ್ದಾಗ ಅದು ಎಲ್ಲಿಗೆ ಜಾರಿತೆಂದು ಅವನು ಆ ದಿನವೂ ನೋಡಿರಲಿಲ್ಲ, ಇಷ್ಟು ವರ್ಷ ನೆನೆಸಿಕೊಂಡೂ ಇರಲಿಲ್ಲ. ಅವಳು ಅಳುತ್ತಿರಲಿಲ್ಲ. ಅವನ ಮುಂದೆ ಬಂದು ನಿಂತು ಮೆಲ್ಲಗೆ ಕೇಳಿದಳು: "ಅಣ್ಣಾ, ಇದಿಲ್ದೆ ಅವರಿಗೆ ಹೊಸ್ತಿಲೂ ಕಾಣ್ತಿರ್ಲಿಲ್ಲ. ಬಸ್ ನಿಲ್ದಾಣದವರೆಗೆ ಸ್ಕೂಟರ್ ಓಡಿಸಿದ್ದು ಯಾರು?"