ನೀಲಿ ಪರದೆಯ ಮುಂದೆ ಕೂತವರು

"ಇನ್ನೊಂದ್ಸಲ ಒತ್ತು ಪುಟ್ಟಿ," ಎಂದ ಕುಮಾರ್ ಚಿಕ್ಕಪ್ಪ.

ನಿಸರ್ಗ ಗುಂಡಿ ಒತ್ತಿದಳು. ಡಬ್ಬದೊಳಗೆ ಫ್ಯಾನು ಗರ್ರೆಂದಿತು. ಆಮೇಲೆ ಬೀಪ್, ಬೀಪ್, ಬೀಪ್. ಹಳೇ ಟಿವಿಯಷ್ಟು ದಪ್ಪದ ಮಾನಿಟರ್ ಮಾತ್ರ ಕಪ್ಪಗೇ ಇತ್ತು.

ಚನ್ನರಾಯಪಟ್ಟಣದ ನಟರಾಜನ ಫೋಟೋ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಮೂಲೆಗೆ ಬಿದ್ದಿದ್ದ ಕಂಪ್ಯೂಟರ್ ಅದು. ಚಿಕ್ಕಪ್ಪ ಬೆಳಗ್ಗೆ ಆಟೋದಲ್ಲಿ ತಂದಿದ್ದ. ಓಡಿದರೆ ಅದು ನಿಸರ್ಗಳಿಗೇ ಅಂತ ಮಾತಾಗಿತ್ತು.

ಚಿಕ್ಕಪ್ಪ ಪ್ಲಗ್ ಕಿತ್ತು, ಡಬ್ಬ ಬಿಚ್ಚಿ, ಬಾಚಣಿಗೆಯಂಥ ಒಂದು ಹಸಿರು ಪಟ್ಟಿಯನ್ನು ಹೊರಗೆ ಎಳೆದ. ನಿಸರ್ಗಳ ರಬ್ಬರ್ ತಗೊಂಡು ಅದರ ಅಂಚನ್ನು ಉಜ್ಜತೊಡಗಿದ.

"ಅಯ್ಯೋ, ನನ್ ಹೊಸ ರಬ್ಬರು!"

"ಇದ್ಕೆ ಕಿಲುಬು ಹಿಡ್ದದೆ ಕಣೆ. ಇದೇ ಔಷ್ದಿ."

ಪಟ್ಟಿ ಮತ್ತೆ ಒಳಗೆ ಕೂತಿತು. ಈ ಸಲ ಒಂದೇ ಬೀಪ್. ಮಾನಿಟರ್ ಚಟಚಟ ಎಂದು ಸದ್ದು ಮಾಡುತ್ತಾ ಬೆಳಗಿತು. ನಿಸರ್ಗ ಹತ್ತಿರ ಹೋದಾಗ ಕೈಯ ಮೇಲಿನ ಕೂದಲೆಲ್ಲ ಎದ್ದು ನಿಂತವು.

ತೆರೆಯ ಮೂಲೆಯಲ್ಲಿ ಜನವರಿ 2002 ಎಂದಿತ್ತು.

"ಒಳಗಿನ ಬ್ಯಾಟ್ರಿ ಸತ್ತೋಗದೆ. ಅದ್ಕೇ ಇವತ್ತು ಯಾವ ದಿನ ಅಂತ ಇದ್ಕೆ ಗೊತ್ತಿಲ್ಲ. ಪ್ಯಾಟೆಗೋಗಿ ತಂದ್ಬುಡ್ತೀನಿ. ನೀನೇನೂ ಮುಟ್ಬ್ಯಾಡ," ಎಂದು ಚಿಕ್ಕಪ್ಪ ಬೈಕ್ ಹತ್ತಿದ.

ಅಪ್ಪ ಅಮ್ಮ ಹಾಸನಕ್ಕೆ ಹೋಗಿದ್ದರು. ಅಜ್ಜಿ ಪುಟ್ಟತಾಯಮ್ಮ ತೋಟದಲ್ಲಿದ್ದಳು. ಮೋಡ ಕವಿದ ಮಧ್ಯಾಹ್ನ. ಮನೆಯಲ್ಲಿ ಫ್ಯಾನಿನ ಗರ್ರ್ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ನಿಸರ್ಗ ಕೈಕಟ್ಟಿ ಕೂತಳು. ಏನೂ ಮುಟ್ಟಲಿಲ್ಲ. ಆದರೂ ತೆರೆ ತಾನಾಗಿಯೇ ಕಪ್ಪಾಯಿತು. ಕಪ್ಪಿನೊಳಗಿಂದ ಒಂದು ಮುಖ ಮೆಲ್ಲಗೆ ಮೇಲೆ ಬಂತು.

ಹಿಟ್ಟಿನ ಗಿರಣಿಯ ಚಲುವಯ್ಯ ತಾತ! ಹೋದ ವರ್ಷ ಅವರ ತಿಥಿಯಲ್ಲಿ ಅವಳು ವಡೆ ತಿಂದು ಬಂದಿದ್ದಳು. ನೀಲಿ ಪರದೆಯ ಮುಂದೆ ಕೂತ ತಾತ ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತಿದ್ದರು.

ಆ ಮುಖ ಕರಗಿತು. ಪಕ್ಕದ ಬೀದಿಯ ಬಸವಲಿಂಗಮ್ಮ ಬಂದರು. ಅವರೂ ಈಗಿಲ್ಲ. ಹಸಿರು ಸೀರೆ, ಕೆಂಪು ಅಂಚು. ನಗುವೇ ಇಲ್ಲ.

ನಿಸರ್ಗ ಹಿಂದಕ್ಕೆ ಸರಿದಳು. ಇದರೊಳಗೆ ಬರುವವರೆಲ್ಲ ಸತ್ತವರೇ!

ಮೂರನೆಯ ಮುಖ ಬಂತು. ಅದೇ ನೀಲಿ ಪರದೆ. ಅದೇ ಹಸಿರು ಸೀರೆ, ಅದೇ ಕೆಂಪು ಅಂಚು.

ಅಜ್ಜಿ.

ನಿಸರ್ಗ ಚಪ್ಪಲಿ ಹಾಕದೆ ತೋಟಕ್ಕೆ ಓಡಿದಳು. ಅಜ್ಜಿ ತೆಂಗಿನ ಮರದ ಬುಡದಲ್ಲಿ, ಮುಖದ ಮೇಲೆ ಸೆರಗು ಹೊದ್ದು ಮಲಗಿದ್ದಳು.

"ಅಜ್ಜಿ!"

ಅಜ್ಜಿ ಅಲುಗಲಿಲ್ಲ. ಎಲ್ಲೋ ಒಂದು ಗರಿ ಸರಕ್ಕೆಂದಿತು.

"ಅಜ್ಜೀ!" ನಿಸರ್ಗ ಸೆರಗು ಎಳೆದಳು.

ಅಜ್ಜಿ ಬೆಚ್ಚಿ ಎದ್ದು ಕೂತಳು. "ಯಾಕವ್ವಾ? ಒಂದ್ ಗಳಿಗೆ ಕಣ್ ಮುಚ್ಕಂಡಿದ್ದೆ. ಯಾಕಿಂಗೆ ನಡುಗ್ತಿದ್ದೀಯ?"

ನಿಸರ್ಗ ಅಜ್ಜಿಯ ಕತ್ತು ತಬ್ಬಿಕೊಂಡಳು. ಕತ್ತು ಬೆಚ್ಚಗಿತ್ತು, ಬೆವರಿತ್ತು. "ಕಂಪ್ಯೂಟರ್ ಒಳಗೆ ಸತ್ತೋರೆಲ್ಲ ಬತ್ತಾವ್ರೆ ಅಜ್ಜಿ. ನೀನೂ ಬಂದ್ಬುಟ್ಟೆ."

ಅಜ್ಜಿ ಸೆರಗು ಕೊಡವಿ ಎದ್ದಳು. "ನಡಿ, ನೋಡನ," ಎಂದಳು.

ಇಬ್ಬರೂ ಮಂಚದ ಮೇಲೆ ಕೂತರು. ಗೊತ್ತಿಲ್ಲದ ಮುಖಗಳು ಬಂದು ಹೋದವು. ಮತ್ತೆ ಬಸವಲಿಂಗಮ್ಮ ಬಂದರು. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ನೋಡವ್ವ, ನನ್ ಸೀರೆ ಉಟ್ಕಂಡು ಎಂಗ್ ಕೂತವ್ಳೆ! ಪಾಸ್‌ಬುಕ್ ಪೋಟಕ್ಕೆ ಇಬ್ರೂ ಒಟ್ಗೆ ಓಗಿದ್ವಿ. ದಾರೀಲಿ ಬಸ್ಸು ಇವ್ಳ ಸೀರೆಗೆ ಕೆಸ್ರು ಆರಿಸ್ಬುಡ್ತು. ನನ್ ಪೋಟ ಆಗಿದ್ದೇ ಪರದೆ ಹಿಂದೆ ಓಗಿ ಸೀರೆ ಬದಲಾಯಿಸ್ಕಂಡ್ವಿ. ಇವ್ಳು ಬರಗಂಟ ನಾನು ಕೆಸ್ರು ಸೀರೆ ಸುತ್ಕಂಡ್ ನಿಂತಿದ್ದೆ."

ನಗುತ್ತಲೇ ಅಜ್ಜಿ ಕಣ್ಣು ಒರೆಸಿಕೊಂಡಳು. ಅಷ್ಟರಲ್ಲಿ ಅವಳದೇ ಮುಖ ಬಂತು. ಅಜ್ಜಿ ಅದನ್ನು ತುಂಬಾ ಹೊತ್ತು ನೋಡಿದಳು.

"ಚೆಂದಾಗದೆ. ನಾನು ಒಂಟೋದ್ಮೇಲೆ ಗ್ವಾಡೆಗೆ ಇದ್ನೇ ಆಕ್ಸು ಅಂತ ನಿಮ್ಮಪ್ಪಂಗೆ ಏಳು."

"ಹಂಗನ್ಬ್ಯಾಡ ಅಜ್ಜಿ!"

"ಈಗೇ ಓಯ್ತೀನಿ ಅಂದ್ನಾ? ಓಗ್ದೆ ಇರ್ತೀನಿ ಅಂತ್ಲೂ ಏಳಕ್ಕಾಗಲ್ಲ ಕಣವ್ವ," ಎಂದು ಅಜ್ಜಿ ಅವಳ ಜಡೆ ನೇವರಿಸಿದಳು.

ಹೊರಗೆ ಬೈಕ್ ನಿಂತಿತು. ಚಿಕ್ಕಪ್ಪ ಬ್ಯಾಟರಿ ಹಿಡಿದು ಒಳಗೆ ಬಂದ.

"ಓ, ಸ್ಕ್ರೀನ್ ಸೇವರ್! ಸುಮ್ನೆ ಬಿಟ್ರೆ ಸ್ಟುಡಿಯೋ ಫೋಟೋ ಒಂದೊಂದೇ ಬರೋ ಅಂಗೆ ಇಟ್ಟವ್ರೆ. ತಡಿ, ಎಲ್ಲಾ ಡಿಲೀಟ್ ಮಾಡ್ಬುಡ್ತೀನಿ. ನಿನ್ ಗೇಮಿಗೆ ಜಾಗ ಆಯ್ತದೆ."

ಅವನ ಕೈ ಮೌಸಿನತ್ತ ಹೋಯಿತು. ನಿಸರ್ಗ ಆ ಕೈ ಹಿಡಿದುಕೊಂಡಳು.

"ಇರು ಚಿಕ್ಕಪ್ಪ."

ತೆರೆಯ ಮೇಲೆ ಚಲುವಯ್ಯ ತಾತ ಮತ್ತೆ ಬಂದಿದ್ದರು. ಈಗಲೂ ಅವಳನ್ನೇ ನೋಡುತ್ತಿದ್ದರು. ನಿಸರ್ಗಳ ಎದೆ ಇನ್ನೂ ಡವಡವ ಅನ್ನುತ್ತಿತ್ತು. ಆದರೂ ಅವಳು ಮುಖ ತಿರುಗಿಸಲಿಲ್ಲ. ಅಜ್ಜಿಯ ಹತ್ತಿರಕ್ಕೆ ಸರಿದಳು.

"ಅಜ್ಜಿ, ಚಲುವಯ್ಯ ತಾತ ಚಿಕ್ ಹುಡುಗ ಆಗಿದ್ದಾಗ ಹೆಂಗಿದ್ರು?"

ಅಜ್ಜಿ ಕಾಲು ನೀಡಿ ಕೂತಳು.

"ಅಯ್ಯೋ, ಬಾರೀ ತರ್ಲೆ ಕಣವ್ವ ಅವ್ನು," ಎಂದು ಶುರುಮಾಡಿದಳು.