ಬೆನ್ನು ಮಾತ್ರ ಕಾಣಬೇಕು

ಮೊದಲ ದಿನ ಅವಳು ನನ್ನ ಕೈಗೆ ಕೊಟ್ಟ ಅಂಗಿ ಎಮ್ಮೆ ಅದರ ಮೇಲೆ ಹೊರಳಾಡಿ ಎದ್ದ ಹಾಗಿತ್ತು. ತೋಳು ಹರಿದಿತ್ತು. ಕಾಲರಿನ ತುಂಬ ಮಣ್ಣು, ಬೆನ್ನ ಮೇಲೆ ಬೆವರಿನ ಬಿಳಿ ಗೆರೆ.

"ಇದನ್ನ ಒಗೆದು ಕೊಡೋಕೆ ಆಗ್ಲಿಲ್ವಾ?" ಎಂದೆ. "ಹಗ್ಗ ಕಟ್ಟೋನು ಅಂದ್ರೆ ಏನು ಕೊಟ್ರೂ ಹಾಕ್ಕೋತಾನೆ ಅಂತಾನಾ?"

ಅವಳು ಹಲ್ಲಲ್ಲಿ ಕಚ್ಚಿಕೊಂಡಿದ್ದ ಸೂಜಿಯನ್ನು ತೆಗೆದು, ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಒಗೆದಿದೀನಿ ರೀ. ಒಗೆದು, ಒಣಗಿಸಿ, ಆಮೇಲೆ ಎರಡು ಗಂಟೆ ಕೂತು ಕೊಳೆ ಮಾಡಿದೀನಿ. ಆ ಬೆವರಿನ ಗೆರೆ ಇದೆಯಲ್ಲ, ಅದು ಉಪ್ಪುನೀರು. ಬ್ರಷ್ಷಲ್ಲಿ ಬಿಡಿಸಿದ್ದು. ಉಜ್ಜಿ ಅಳಿಸಿದ್ರೆ ಕೈ ಮುರೀತೀನಿ."

ಹೊಸ ಬಟ್ಟೆಯನ್ನು ಹಳತು ಮಾಡುವುದೂ ಒಂದು ಕೆಲಸ ಎಂದು ನನಗೆ ಆವತ್ತೇ ಗೊತ್ತಾದದ್ದು. ಶೂಟಿಂಗ್ ಯೂನಿಟ್ಟಿನಲ್ಲಿ ಎಲ್ಲರೂ ಅವಳನ್ನು ಮಣ್ಣಮ್ಮ ಎನ್ನುತ್ತಿದ್ದರು. ನನ್ನನ್ನು ಹಗ್ಗ ಎನ್ನುತ್ತಿದ್ದರು.

ನಾವಿದ್ದದ್ದು ಸಮುದ್ರದ ನಡುವಿನ ಒಂದು ದ್ವೀಪದಲ್ಲಿ. ಹನ್ನೆರಡು ಜನ ಏನೂ ಇಲ್ಲದೆ ಕಾಡಿನಲ್ಲಿ ಬದುಕಿ ತೋರಿಸುವ ಟಿವಿ ಶೋ. ಏನೂ ಇಲ್ಲದ ಆ ಹನ್ನೆರಡು ಜನರ ಹಿಂದೆ ನಾವು ನೂರಾನಲವತ್ತು ಜನ, ಮೂರು ಜನರೇಟರ್, ಒಂದು ಐಸ್ ಮಷೀನ್. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಮಾವನ ಜೊತೆ ಕಟ್ಟಡಗಳಿಗೆ ಸಾರುವೆ ಕಟ್ಟುತ್ತಿದ್ದವನು. ಇಲ್ಲಿ ಸ್ಪರ್ಧಿಗಳು ಜೋತಾಡುವ ಹಗ್ಗದ ಸೇತುವೆ ಕಟ್ಟುತ್ತಿದ್ದೆ. ಸೇತುವೆ ಕಟ್ಟಿದವನ ಹೆಸರು ಯಾರಿಗೂ ಬೇಡ. ಅದನ್ನು ದಾಟಿದವನಿಗೆ ಚಪ್ಪಾಳೆ.

ದೂರದ ಶಾಟ್‌ಗಳನ್ನು ಡ್ರೋನ್‌ನಲ್ಲಿ ತೆಗೆಯುತ್ತಿದ್ದರು. ನಿಜವಾದ ಸ್ಪರ್ಧಿಗಳನ್ನು ಮೇಲಿನಿಂದ ತೆಗೆದರೆ ಅವರ ಸುತ್ತ ನಿಂತ ಕ್ಯಾಮೆರಾ, ಕೊಡೆ, ಕುರ್ಚಿ ಎಲ್ಲ ಕಾಣುತ್ತದೆ. ಅದಕ್ಕೆ ಅವರ ಮೈಕಟ್ಟಿಗೆ ಹೊಂದುವ ಕೆಲಸದವರಿಗೆ ಅಂಥದ್ದೇ ಬಟ್ಟೆ ತೊಡಿಸಿ, ಖಾಲಿ ದಡದಲ್ಲಿ ನಡೆಸುತ್ತಿದ್ದರು. ಒಂದೇ ಷರತ್ತು: ಬೆನ್ನು ಮಾತ್ರ ಕಾಣಬೇಕು.

ನನ್ನ ಭುಜ ಜಿಮ್‌ನ ಭುಜಕ್ಕೆ ಹೊಂದಿತು. ಜಿಮ್ ಎಂದರೆ ಸ್ಪರ್ಧಿಗಳಲ್ಲಿ ಒಬ್ಬ, ಊರಿನಲ್ಲಿ ವ್ಯಾಯಾಮ ಕಲಿಸುವವನು. ಮಣ್ಣಮ್ಮನ ಎತ್ತರವೂ ಜಡೆಯೂ ವಿಮಾನದವಳಿಗೆ ಹೊಂದಿದವು. ವಿಮಾನದವಳು ಇನ್ನೊಬ್ಬ ಸ್ಪರ್ಧಿ, ಏರ್ ಹೋಸ್ಟೆಸ್. ಆ ಇಬ್ಬರಿಗೂ ಪ್ರೀತಿಯಾಗಿದೆ ಎಂದು ಚಾನೆಲ್ಲಿನವರು ತೀರ್ಮಾನಿಸಿದ್ದರು. ಅವರಿಬ್ಬರಿಗೋ ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಅವನು ನಾರುತ್ತಾನೆ ಎಂದು ಅವಳು, ಅವಳು ತನ್ನ ಚಾಕು ಕದ್ದಳು ಎಂದು ಅವನು. ಕೈ ಹಿಡಿಯಲು ಇಬ್ಬರೂ ಒಪ್ಪಲಿಲ್ಲ.

ಹಾಗಾಗಿ ಅವರ ಪ್ರೀತಿ ನಮ್ಮ ಬೆನ್ನಿಗೆ ಬಂತು.

ಮೊದಲ ಸಂಜೆ ಮಣ್ಣಮ್ಮ ನನ್ನ ಕೈಯನ್ನು ಒದ್ದೆ ಸಾಕ್ಸ್ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದಳು. ನನ್ನ ಸೊಂಟದ ವಾಕಿಟಾಕಿಯಲ್ಲಿ ಡೈರೆಕ್ಟರ್ ಕೂಗಿದರು. "ಪ್ರೀತಿ ಕಾಣ್ತಿಲ್ಲ! ಪೂರ್ತಿ ಕೈ ಹಿಡಿರಿ!"

"ಪೂರ್ತಿ ಅಂತೆ," ಎಂದೆ, ಸಮುದ್ರ ನೋಡುತ್ತ.

"ಕೇಳಿಸ್ತು. ನಿಮ್ಮ ಅಂಗೈ ಏನ್ರೀ ಇದು, ಮರದ ತೊಗಟೆ ಥರ?"

"ಹಗ್ಗ ಎಳೆದ್ರೆ ಹೂವಾಗುತ್ತಾ?"

"ಗುರ್ ಅಂತೀರಲ್ಲ ಎಲ್ಲದಕ್ಕೂ! ನಿಮಗೆ ಯಾವಾಗ್ಲೂ ಕೋಪಾನಾ?"

"ಇಲ್ಲ. ಮಲಗಿದಾಗ ಸ್ವಲ್ಪ ಕಮ್ಮಿ."

ಅವಳು ನಕ್ಕಳು. ನಕ್ಕದ್ದು ಕಾಣಲಿಲ್ಲ, ಕೈಯಲ್ಲಿ ಗೊತ್ತಾಯಿತು. ಆ ಎತ್ತರದಿಂದ ಡ್ರೋನ್‌ಗೆ ಮಾತು ಕೇಳುವುದಿಲ್ಲ. ಮೇಲಿನಿಂದ ನೋಡಿದವರಿಗೆ ಪ್ರೇಮಿಗಳು, ಕೆಳಗೆ ಜಗಳ.

"ಮುಖ ಕಾಣ್ತಿದೆ!" ಎಂದು ವಾಕಿಟಾಕಿ ಅರಚಿತು. "ಹಗ್ಗಾ, ತಿರುಗಬೇಡ ಅಂದ್ನಲ್ಲ! ಮತ್ತೆ!"

ನಾನು ತಿರುಗಿರಲಿಲ್ಲ. ಕೋಲು ನುಂಗಿದವನ ಹಾಗೆ ನಡೆದಿದ್ದೆ. ಡೈರೆಕ್ಟರನ್ನು ಮನಸ್ಸಿನಲ್ಲೇ ಬೈದುಕೊಂಡು, ಗುರುತಿಗೆ ನೆಟ್ಟಿದ್ದ ಕಡ್ಡಿಯವರೆಗೆ ವಾಪಸು ಹೋಗಿ, ಮತ್ತೆ ಕೈ ಹಿಡಿದೆ.

ದಿನಾ ಹೀಗೇ ಆಯಿತು. ಸಂಜೆ ಬೆಳಕು ಹಳದಿಗೆ ತಿರುಗಿದ ಮೇಲೆ ಅರ್ಧ ಗಂಟೆ. ನಾಲ್ಕು ಸಲ, ಐದು ಸಲ, ಒಮ್ಮೆ ಏಳು ಸಲ. ಪ್ರತಿ ಸಲವೂ ಬೈಗುಳ ನನಗೇ.

ಆ ಅರ್ಧ ಗಂಟೆಗಾಗಿ ನಾನು ದಿನವಿಡೀ ಕಾಯತೊಡಗಿದ್ದೆ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಿದ್ದಾಗ ಮಾವ ಹಿಂದಿನಿಂದ ಬಂದು, "ಏನೋ ಅಳಿಯಾ," ಎಂದರು, "ಬೆನ್ನು ತೋರಿಸೋಕೆ ಗಡ್ಡ ಯಾಕೋ ಕೆರ್ಕೋತೀಯ?" ಹಗ್ಗದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವಳ ಬೆರಳುಗಳು ಬಟ್ಟೆಗೆ ಹಾಕುವ ಚಹಾದ ಕಷಾಯದಿಂದ ಕಂದಾಗಿರುತ್ತಿದ್ದವು. ಹೆಬ್ಬೆರಳಿನ ಬುಡದಲ್ಲಿ ಸೂಜಿ ಚುಚ್ಚಿದ ಗಂಟು. ಈಗ ಕೇಳಿದರೂ ಆ ಕೈಯನ್ನು ಕಣ್ಣು ಮುಚ್ಚಿ ಬಿಡಿಸಿ ಹೇಳಬಲ್ಲೆ. ಮುಖವನ್ನು ಮಾತ್ರ ಸರಿಯಾಗಿ ನೋಡಿರಲಿಲ್ಲ. ಬಟ್ಟೆ ಹೊಲಿಯುವ ಡೇರೆಯಲ್ಲಿ ಅವಳು ಸದಾ ತಲೆ ಬಗ್ಗಿಸಿರುತ್ತಿದ್ದಳು, ದಡದಲ್ಲಿ ನಾನು ನೋಡುವ ಹಾಗಿರಲಿಲ್ಲ. ಇದೆಲ್ಲ ಅವಳಿಗೆ ಬರೀ ಕೆಲಸವೋ ಏನೋ. ಕೇಳಲು ಬಾಯಿ ಬರುತ್ತಿರಲಿಲ್ಲ.

ಹನ್ನೊಂದನೆಯ ಸಂಜೆ, ಮೂರನೆಯ ಸಲವೂ ಶಾಟ್ ಕೆಟ್ಟಾಗ, ಡೈರೆಕ್ಟರ್ ವಾಕಿಟಾಕಿ ಬಿಟ್ಟು ತಾವೇ ದಡಕ್ಕೆ ಇಳಿದು ಬಂದರು.

"ಸಾಕು. ನಾಳೆಯಿಂದ ಇವನ ಜಾಗಕ್ಕೆ ಲೈಟ್‌ಮ್ಯಾನ್ ಬರ್ಲಿ," ಎಂದರು ಎಲ್ಲರಿಗೂ ಕೇಳುವ ಹಾಗೆ. "ಎಂಟನೇ ಕ್ಲಾಸಿಗೆ ಬಿಟ್ಟೋನಿಗೆ ನೇರ ನಡಿ ಅಂದ್ರೂ ಅರ್ಥ ಆಗಲ್ಲ."

ನನ್ನ ಕಿವಿ ಸುಟ್ಟು ಹೋಯಿತು. ಅದಕ್ಕಿಂತ ಸುಟ್ಟದ್ದು ಪಕ್ಕದಲ್ಲಿದ್ದವಳ ಮೌನ. ನಾನು ತಿರುಗಿಲ್ಲ ಎಂದು ಈ ಭೂಮಿಯ ಮೇಲೆ ಗೊತ್ತಿದ್ದದ್ದು ಅವಳೊಬ್ಬಳಿಗೆ. ಅವಳು ಮರಳು ನೋಡುತ್ತ ನಿಂತಿದ್ದಳು. ನನ್ನ ಕೈಯಿಂದ ಅವಳ ಕೈ ಮೆಲ್ಲಗೆ ಜಾರಿತು. ನಾಳೆ ಅದನ್ನು ಲೈಟ್‌ಮ್ಯಾನ್ ಹಿಡಿಯುತ್ತಾನೆ.

"ತೋರಿಸಿ ಸರ್," ಎಂದೆ.

"ಏನು?"

"ನಾನು ತಿರುಗಿದ್ದನ್ನ. ಒಂದೇ ಒಂದು ಸಲ ತೋರಿಸಿ. ಇವತ್ತೇ ದೋಣಿ ಹತ್ತಿ ಹೋಗ್ತೀನಿ."

ಉತ್ತರಕ್ಕೆ ಕಾಯದೆ ಎಡಿಟಿಂಗ್ ಡೇರೆಗೆ ನುಗ್ಗಿದೆ. ಡೈರೆಕ್ಟರ್ "ಲೋ, ಲೋ" ಎನ್ನುತ್ತ ಹಿಂದೆ ಬಂದರು. ಎಡಿಟರ್ ಕನ್ನಡಕ ಏರಿಸಿ ನಮ್ಮಿಬ್ಬರನ್ನೂ ನೋಡಿ ನಿಟ್ಟುಸಿರು ಬಿಟ್ಟ.

"ಯಾವ ದಿನದ್ದು ಬೇಕು?" ಎಂದು ಕೇಳಿದ.

"ಎಲ್ಲ ದಿನದ್ದೂ."

ದಡದಲ್ಲಿ ಡೈರೆಕ್ಟರ್ ನೋಡುತ್ತಿದ್ದದ್ದು ಅಂಗೈಯಗಲದ ಪರದೆ. ಅದರಲ್ಲಿ ನಾವು ಎರಡು ಇರುವೆ. ಇಲ್ಲಿಯದು ದೊಡ್ಡ ಪರದೆ. ಎಡಿಟರ್ ಚಿತ್ರವನ್ನು ಹಿಗ್ಗಿಸಿದ. ನನ್ನ ಬೆನ್ನು, ನನ್ನ ತಲೆಯ ಹಿಂಭಾಗ, ಗೋಡೆಗೆ ಮೊಳೆ ಹೊಡೆದ ಹಾಗೆ ನೇರ. ಪಕ್ಕದ ಜಡೆ ನಿಧಾನವಾಗಿ ಸರಿಯಿತು. ಕೆನ್ನೆ ಕಂಡಿತು, ಮೂಗು ಕಂಡಿತು. ಮಣ್ಣಮ್ಮ ನನ್ನನ್ನು ನೋಡುತ್ತಿದ್ದಳು.

ಎಡಿಟರ್ ಮುಂದಿನದನ್ನು ಹಾಕಿದ. ಅಲ್ಲೂ ಅವಳೇ. ಮರುದಿನವೂ. ಏಳು ಸಲ ನಡೆದ ದಿನ ಆರು ಸಲ. ಒಂದರಲ್ಲಿ ನಾನು ಏನೋ ರೇಗುತ್ತಿದ್ದೇನೆ, ಭುಜ ಕುಣಿಯುತ್ತಿದೆ, ಅವಳು ತುಟಿ ಕಚ್ಚಿ ನಗು ತಡೆಯುತ್ತಿದ್ದಾಳೆ. ಇನ್ನೊಂದರಲ್ಲಿ ನಗುವೂ ಇಲ್ಲ. ಸುಮ್ಮನೆ ನೋಡುತ್ತಿದ್ದಾಳೆ, ಹೊಲಿಯುವಾಗ ದಾರ ನೋಡುವಷ್ಟು ಹತ್ತಿರದಿಂದ.

"ನಿನಗೆ ಗೊತ್ತಿತ್ತಾ?" ಡೈರೆಕ್ಟರ್ ಎಡಿಟರನ್ನು ಕೇಳಿದರು.

"ಮೊದಲ್ನೇ ದಿನಾನೇ. ನೀವು ಕೇಳ್ಲಿಲ್ಲ. ನನಗೂ ನೋಡೋಕೆ ಚೆನ್ನಾಗಿತ್ತು."

ಡೇರೆಯ ಬಾಗಿಲಲ್ಲಿ ಅವಳು ಬಂದು ನಿಂತಿದ್ದಳು. "ತಿರುಗಿದ್ದು ನಾನು ಸರ್," ಎಂದಳು. ಈ ಸಲ ತಲೆ ಬಗ್ಗಿಸಲಿಲ್ಲ. "ಎಲ್ಲ ಸಲಾನೂ ನಾನೇ. ಅವರನ್ನ ತೆಗೀಬೇಡಿ."

ಡೈರೆಕ್ಟರ್ ಗಡಿಯಾರ ನೋಡಿಕೊಂಡರು. "ಇನ್ನೂ ಹತ್ತು ನಿಮಿಷ ಬೆಳಕಿದೆ. ಹೋಗಿ, ಇನ್ನೊಂದು ತೆಗೆದುಬಿಡೋಣ."

ನಾನು ಕದಲಲಿಲ್ಲ. "ಸರ್, ಎಂಟನೇ ಕ್ಲಾಸಿನ ಮಾತು ಬಾಕಿ ಇದೆ."

ಅವರು ನನ್ನನ್ನು ನೋಡಿದರು, ಪರದೆಯನ್ನು ನೋಡಿದರು. "ಸರಿಯಪ್ಪ, ತಪ್ಪಾಯ್ತು. ಅನ್ಬಾರದಿತ್ತು. ಈಗ ಹೋಗು."

ದಡದಲ್ಲಿ ಅವಳ ಕೈಯನ್ನು ನಾನು ಹಿಡಿಯಲಿಲ್ಲ. ಅವಳೇ ಹಿಡಿದಳು. ಡ್ರೋನ್ ಮೇಲೇರಿತು.

"ಹನ್ನೊಂದು ದಿನ ಬೈಸಿಕೊಳ್ಳೋಕೆ ಬಿಟ್ಟೆಯಲ್ಲ," ಎಂದೆ.

"ಮೊದಲ್ನೇ ದಿನ ಹೇಳೋಣ ಅಂತಾನೇ ಇದ್ದೆ. ಅಷ್ಟರಲ್ಲಿ ಅವರು 'ಮತ್ತೆ' ಅಂದ್ರು. ನೀವು ಗೊಣಗ್ತಾ ಬಂದು ಮತ್ತೆ ಕೈ ಹಿಡಿದ್ರಿ. ಹೇಳಿದ್ರೆ ಒಂದೇ ಸಲಕ್ಕೆ ಮುಗಿದುಹೋಗ್ತಿತ್ತು."

"ಮತ್ತೆ ಇವತ್ತು? ಎಲ್ಲರ ಮುಂದೆ ಅಂದ್ರಲ್ಲ, ಆಗ?"

"ಇವತ್ತು ಹೆದರಿಕೆ ಆಯ್ತು. ಅದು ನನ್ನ ತಪ್ಪೇ. ಅದಕ್ಕೆ ಎಷ್ಟು ಬೇಕಾದ್ರೂ ಬೈರಿ."

ಬೈಯಲು ಬಾಯಿ ತೆರೆದೆ. ನನ್ನ ಇಪ್ಪತ್ತಮೂರು ವರ್ಷದಲ್ಲಿ ಮೊದಲ ಬಾರಿಗೆ ಒಂದು ಬೈಗುಳವೂ ಬರಲಿಲ್ಲ.

"ಅಷ್ಟು ನೋಡೋಕೆ ನನ್ನ ಮುಖದಲ್ಲಿ ಏನಿತ್ತು?"

"ನಿಮಗೆ ಕೋಪ ಬಂದ್ರೆ ಕಿವಿ ಅಲ್ಲಾಡುತ್ತೆ. ಯಾರೂ ಹೇಳಿಲ್ವಾ?"

"ಇಲ್ಲ."

"ನೀವು ಮಾತ್ರ ಒಂದು ಸಲಾನೂ ನನ್ನ ಕಡೆ ನೋಡ್ಲಿಲ್ಲ," ಎಂದಳು. ಇದನ್ನು ಮಾತ್ರ ಮೆಲ್ಲಗೆ ಹೇಳಿದಳು. "ಇವರಿಗೆ ಬರೀ ಕೆಲಸ ಅಂದ್ಕೊಂಡೆ."

ಅಲೆ ಬಂದು ಕಾಲು ತೊಳೆದು ಹೋಯಿತು.

"ನೋಡಿದ್ರೆ ಶಾಟ್ ಕೆಡುತ್ತೆ. ಶಾಟ್ ಕೆಟ್ರೆ ನನ್ನ ತೆಗೀತಾರೆ. ತೆಗೆದ್ರೆ ಈ ಕೈ ಇನ್ಯಾರಿಗೋ ಹೋಗುತ್ತೆ," ಎಂದೆ. "ಅದಕ್ಕೇ ನೋಡ್ಲಿಲ್ಲ. ಕತ್ತು ನೋಯೋಷ್ಟು ನೇರ ನಡೆದೆ. ಅರ್ಥ ಆಯ್ತಾ?"

ಅವಳು ಬೆರಳುಗಳನ್ನು ನನ್ನ ಬೆರಳುಗಳ ನಡುವೆ ಸೇರಿಸಿ ಗಟ್ಟಿಯಾಗಿ ಹಿಡಿದಳು. ಯಾರೂ ಹೇಳಿಕೊಟ್ಟದ್ದಲ್ಲ. ನೂರು ಹೆಜ್ಜೆ ಹಾಗೇ ನಡೆದೆವು, ಇಬ್ಬರೂ ಎದುರಿನ ಸಮುದ್ರ ನೋಡುತ್ತ.

"ಓಕೆ!" ಎಂದಿತು ವಾಕಿಟಾಕಿ, ನಂಬಲಾಗದವರ ಹಾಗೆ. "ಒಂದೇ ಸಲಕ್ಕೆ ಓಕೆ!"

"ಶೋ ಬಂದಾಗ ನಮ್ಮಕ್ಕ ನೋಡ್ತಾಳೆ," ಎಂದಳು ಅವಳು. "ನನ್ನ ನಡಿಗೆ ಅವಳಿಗೆ ಗೊತ್ತು. ಪಕ್ಕದ ಬೆನ್ನು ಯಾರದು ಅಂತ ಕೇಳೇ ಕೇಳ್ತಾಳೆ."

"ಏನು ಹೇಳ್ತೀಯ?"

"ನಾನ್ಯಾಕೆ ಹೇಳ್ಲಿ? ಅಷ್ಟರೊಳಗೆ ನೀನೇ ಬಂದು ಮುಖ ತೋರಿಸು."

ನೀನು ಎಂದಿದ್ದಳು. ನಾನು ನಿಂತೆ. ಡ್ರೋನ್ ಇನ್ನೂ ಇಳಿಯುತ್ತಿತ್ತು, ಲೆಕ್ಕಿಸಲಿಲ್ಲ. ತಿರುಗಿ ಅವಳನ್ನು ಪೂರ್ತಿ ನೋಡಿದೆ.

"ಮನೆ ಎಲ್ಲಿ?"

"ಬಸ್ ಸ್ಟ್ಯಾಂಡ್ ಹಿಂದೆ ಒಂದು ಔಷಧಿ ಅಂಗಡಿ ಇದೆ. ಅದರ ಪಕ್ಕದ ಮೆಟ್ಟಿಲು. ಮೂರನೇದು ಮುರಿದಿದೆ, ನೋಡ್ಕೊಂಡು ಹತ್ತು."

"ಯಾವಾಗ?"

"ಭಾನುವಾರ ಅಕ್ಕ ಮನೇಲೇ ಇರ್ತಾಳೆ."