ಮಂಗಳವಾರದ ಹಕ್ಕಿಗಳು

“ಮಂಗಳವಾರ ಸೊನ್ನೆ. ಗುರುವಾರ ಸೊನ್ನೆ. ಈ ಮಂಗಳವಾರಾನೂ ಸೊನ್ನೆ!” ಬ್ರಿಟಾ ಲ್ಯಾಪ್‌ಟಾಪಿನ ಪರದೆಯನ್ನು ಬೆರಳಿನಿಂದ ಕುಟ್ಟಿದಳು. “ನಿನ್ನ ದಿನಗಳಲ್ಲಿ ಮಾತ್ರ ಒಂದೂ ಹಕ್ಕಿ ಇಲ್ಲ. ಯಾಕೆ ಹೇಳು?”

“ನಂಗೇನೇ ಗೊತ್ತು? ನಾನು ಎಣಿಸಿದೀನಿ, ಬರೆದೂ ಇದೀನಿ,” ಎಂದಳು ಪಾಹುವಾ.

ಹಿಮ ಬೀಳುವ ಸೇಂಟ್ ಪಾಲ್ ಊರಿನ ಒಂದು ಶಾಲೆಯ ಕೋಡಿಂಗ್ ಕ್ಲಬ್ಬಿನಲ್ಲಿ ಇಬ್ಬರೂ ಜೋಡಿ. ಅಂಗಳದ ಕಾಳಿನ ಡಬ್ಬಿಗೆ ಬರುವ ಕೆಂಪು ಕಾರ್ಡಿನಲ್ ಹಕ್ಕಿಗಳನ್ನು ಎಣಿಸಿ ಕಂಪ್ಯೂಟರಿಗೆ ಸೇರಿಸುವುದು ಅವರ ಕೆಲಸ. ಸೋಮವಾರ, ಬುಧವಾರ ಬ್ರಿಟಾ. ಮಂಗಳವಾರ, ಗುರುವಾರ ಪಾಹುವಾ. ನಾಳೆ ಸೈನ್ಸ್ ಫೇರ್. ಗ್ರಾಫ್ ತೆಗೆಯಲೆಂದು ಬ್ರಿಟಾ ರೂಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತಾನೇ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದಳು.

ವಿಚಿತ್ರವೆಂದರೆ, ಕ್ಲಬ್ಬಿನ ವೆಬ್‌ಸೈಟಿನಲ್ಲಿ ಪಾಹುವಾಳ ಲೆಕ್ಕ ಸರಿಯಾಗಿಯೇ ಕಾಣುತ್ತಿತ್ತು. ಅದರಿಂದ ಬ್ರಿಟಾಳ ಅನುಮಾನ ಇನ್ನೂ ಬಲವಾಯಿತು. ಮನಸ್ಸಿಗೆ ಬಂದ ಸಂಖ್ಯೆ ಹಾಕಿ, ಸೈಟಿನಲ್ಲಿ ಮಾತ್ರ ಕಾಣುವ ಹಾಗೆ ಏನೋ ಕೈಚಳಕ ಮಾಡಿದ್ದಾಳೆ ಇವಳು!

“ಮೊನ್ನೆ ನಿನ್ನ ಬೂಟ್ ನೋಡ್ದೆ. ಅಂಗಳದ ತುಂಬ ಹಿಮ ಇದ್ರೂ ಒಂಚೂರೂ ಒದ್ದೆ ಇರ್ಲಿಲ್ಲ. ಹೀಟರ್ ಪಕ್ಕ ಬೆಚ್ಚಗೆ ಕೂತಿದ್ದೆ ಅಲ್ವಾ?”

ಕಡು ಚಳಿಯಲ್ಲಿ ಹಿಮ ಪುಡಿಪುಡಿಯಾಗಿರುತ್ತದೆ. ಕಾಲು ಕೊಡವಿದರೆ ಉದುರಿಹೋಗುತ್ತದೆ, ಬೂಟು ಒದ್ದೆಯಾಗುವುದೇ ಇಲ್ಲ. ಆ ಊರಿನ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಬ್ರಿಟಾಗೂ ಗೊತ್ತಿತ್ತು. ಆದರೆ ಅನುಮಾನ ಹೊಕ್ಕ ತಲೆಗೆ ಗೊತ್ತಿದ್ದದ್ದೂ ನೆನಪಾಗುವುದಿಲ್ಲ ನೋಡಿ.

ಅವಳು ಮಾರ್ಕರ್ ತೆಗೆದು, ಫೇರಿಗೆಂದು ಮಾಡಿಟ್ಟಿದ್ದ ಪೋಸ್ಟರಿನ ಮೇಲಿದ್ದ ಪಾಹುವಾಳ ಹೆಸರಿಗೆ ಅಡ್ಡಗೆರೆ ಎಳೆದೇಬಿಟ್ಟಳು.

ಪಾಹುವಾಳ ಕಣ್ಣು ತುಂಬಿತು. ಅವಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ಮಂಗಳವಾರದ ಪುಟದಲ್ಲಿ ಪೆನ್ಸಿಲ್ ಗೀಟುಗಳಿದ್ದವು. ಚಳಿಗೆ ಕೈ ನಡುಗಿ ಗೀಟೆಲ್ಲ ಸೊಟ್ಟಗಾಗಿತ್ತು.

“ಏನ್ರೇ ಇದು ಗಲಾಟೆ?” ಎನ್ನುತ್ತಾ ಕ್ಲಬ್ ನಡೆಸುವ ಮಿಸ್ ಒಡೆಟ್ ಬಂದರು. ಪರದೆ ನೋಡಿದರು, ಇಬ್ಬರೂ ಲೆಕ್ಕ ಬರೆದಿಟ್ಟ ಫೈಲ್ ತೆರೆದರು.

“ಬ್ರಿಟಾ, ನೀನು ಹಕ್ಕಿ ಹೆಸರನ್ನ ಕೋಟೇಶನ್ ಗುರುತಿನೊಳಗೆ ಬರೀತೀಯ. ಇವಳು ಹೆಸರಿನ ಮುಂದೆ ಎರಡು ಚುಕ್ಕೆ ಇಡ್ತಾಳೆ. ಎರಡೂ ಸರೀನೇ. ಆದ್ರೆ ಹೆಸರು ಹೇಳಿದ್ರೆ ಲೆಕ್ಕ ಕೊಡೋ ಪಟ್ಟಿ ಇದ್ಯಲ್ಲ, ಹ್ಯಾಶ್ ಅಂತ? ರೂಬಿಯ ಮಾಮೂಲಿ ಹ್ಯಾಶ್‌ಗೆ ಅವು ಬೇರೆ ಬೇರೆ ಹೆಸರು. ನಿನ್ನ ಪ್ರೋಗ್ರಾಂ ನಿನ್ ಥರ ಬರೆದದ್ದನ್ನ ಮಾತ್ರ ಹುಡುಕಿದೆ.”

“ಮತ್ತೆ ಸೈಟಲ್ಲಿ?”

“ಅಲ್ಲಿ ನಾನು ಹಾಕಿರೋದು ಬೇರೆ ಥರದ ಹ್ಯಾಶ್. ಯಾವ ಥರ ಬರೆದ್ರೂ ಒಂದೇ ಹೆಸರು ಅಂತ ತಗೊಳುತ್ತೆ.”

ಮಿಸ್ ಬ್ರಿಟಾಳ ಪ್ರೋಗ್ರಾಮಿಗೂ ಅದೇ ಹ್ಯಾಶ್ ಹಾಕಿಕೊಟ್ಟರು. ಗ್ರಾಫಿನಲ್ಲಿ ಖಾಲಿಯಿದ್ದ ಕಡೆಯಲ್ಲೆಲ್ಲ ಕೆಂಪು ಪಟ್ಟಿಗಳು ಎದ್ದು ನಿಂತವು. ಈ ಮಂಗಳವಾರವಂತೂ ಒಂಬತ್ತು ಹಕ್ಕಿ! ಬ್ರಿಟಾ ಒಂದು ದಿನವೂ ಅಷ್ಟು ಎಣಿಸಿರಲಿಲ್ಲ.

“ಸಾರಿ ಕಣೇ,” ಎಂದಳು ಬ್ರಿಟಾ. ಮುಖ ಎತ್ತಲಾಗಲಿಲ್ಲ.

“ಸೊನ್ನೆ ಬಂದಾಗ ನೀನು ನಿನ್ನ ಪ್ರೋಗ್ರಾಂ ನೋಡ್ಲಿಲ್ಲ. ನನ್ನ ಬೂಟ್ ನೋಡ್ದೆ,” ಎಂದಳು ಪಾಹುವಾ.

ಬ್ರಿಟಾ ಹೊಸ ಹಾಳೆಯೊಂದನ್ನು ಎಳೆದುಕೊಂಡಳು. ಅದರ ಮೇಲೆ ಪೋಸ್ಟರಿನ ತಲೆಬರಹವನ್ನು ಮೊದಲಿಂದ ಬರೆದಳು. ಈ ಸಲ ಪಾಹುವಾಳ ಹೆಸರನ್ನೇ ಮೊದಲು ಹಾಕಿದಳು. ಅಷ್ಟರಲ್ಲಿ ಪಾಹುವಾ ಕೋಟು ಹಾಕಿಕೊಂಡು ಅಂಗಳಕ್ಕೆ ಹೊರಟಿದ್ದಳು. ಅಂದು ಗುರುವಾರ. ಬ್ರಿಟಾ ಟೋಪಿ ಹುಡುಕಿಕೊಂಡು ಹಿಂದೆಯೇ ಓಡಿದಳು.

ಕಾಳಿನ ಡಬ್ಬಿಯ ಬಳಿ ಇಬ್ಬರೂ ಸದ್ದಿಲ್ಲದೆ ನಿಂತರು.

“ಎರಡು,” ಎಂದಳು ಪಾಹುವಾ ಕೊನೆಗೆ.

ಬ್ರಿಟಾ ಇಣುಕಿದಳು. ಕಂಡದ್ದು ಒಂದೇ ಹಕ್ಕಿ. ‘ಎಲ್ಲಿ?’ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

“ಬರ್ಕೋ,” ಎಂದಳು. “ಎರಡು.”